‘ಬಿಡಿಸು’ ಸರಿ, ಅದರ ಮುಂದಿನ ಕೆಲಸಕ್ಕೆ ಏನನ್ನೋಣ? (ಎಕ್ಸ್‌ಎಂಎಲ್ ಪದಗಳು)

ಎಲ್ಲರಿಗೂ ನಮಸ್ಕಾರ,

ನನ್ನ ತಂಗಿಯ ಮಗ ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ, ಕಂಪ್ಯೂಟರ್ ಸೈನ್ಸ್. ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮ. ಹೋದ ವಾರ ಒಂದು ವಾಯ್ಸ್ ಮೆಸೇಜ್ ಕಳಿಸಿದ: "ದೊಡ್ಡಮ್ಮ, ಪ್ರಾಜೆಕ್ಟಿಗೆ ವೆಬ್ ಸರ್ವಿಸಿಂದ ಎಕ್ಸ್‌ಎಂಎಲ್ ಬರುತ್ತೆ. ಅದನ್ನ ಡಿಸೀರಿಯಲೈಸ್ ಮಾಡಿ ಟೈಪ್ಡ್ ಕಲೆಕ್ಷನ್‌ಗೆ ಹಾಕಬೇಕಂತೆ. ಹಂಗಂದ್ರೇನು ಅಂತ ಕನ್ನಡದಲ್ಲಿ ಹೇಳು." ಅಷ್ಟೇ ಅಲ್ವಾ, ಹೇಳ್ತೀನಿ ಅಂದೆ. ಫೋನ್ ಕೈಯಲ್ಲಿ ಹಿಡಿದು ಹತ್ತು ನಿಮಿಷ ಕೂತೆ. ಬಾಯಿಂದ ಒಂದು ವಾಕ್ಯ ಹೊರಡಲಿಲ್ಲ. ಇಪ್ಪತ್ತು ವರ್ಷದಿಂದ ದಿನಾ ಮಾಡುತ್ತಿರುವ ಕೆಲಸ ಇದು!

(ಗೊತ್ತಿಲ್ಲದವರಿಗೆ: ಎಕ್ಸ್‌ಎಂಎಲ್ ಅಂದರೆ ಮಾಹಿತಿಯ ಒಂದೊಂದು ತುಂಡಿಗೂ ಟ್ಯಾಗ್ ಅನ್ನುವ ಹೆಸರಿನ ಚೀಟಿ ಹಚ್ಚಿ ಬರೆದ ಫೈಲು. ಸೀರಿಯಲೈಸ್ ಅಂದರೆ ಪ್ರೋಗ್ರಾಮಿನೊಳಗಿನ ಮಾಹಿತಿಯನ್ನು ಹೊರಗೆ ಕಳಿಸಲು ಹೀಗೆ ಅಕ್ಷರಗಳ ಸಾಲಾಗಿ ಬರೆಯುವುದು, ಡಿಸೀರಿಯಲೈಸ್ ಅದರ ಉಲ್ಟಾ.) ಮೊದಲು ಸಂಸ್ಕೃತದ ದಾರಿ ಹಿಡಿದೆ. ಸೀರಿಯಲೈಸ್‌ಗೆ ‘ಕ್ರಮಗೊಳಿಸು’ ಅಂತ ಇಟ್ಟುಕೊಂಡರೆ ಡಿಸೀರಿಯಲೈಸ್‌ಗೆ ‘ಅಕ್ರಮಗೊಳಿಸು’ ಅನ್ನಬೇಕಾಗುತ್ತದೆ. ಹುಡುಗನನ್ನು ಪೊಲೀಸರು ಹಿಡಿದುಕೊಂಡು ಹೋದಾರು. ‘ಧಾರಾವಾಹಿ’ಯಿಂದ ಏನಾದರೂ ಕಟ್ಟೋಣ ಅಂದರೆ ಸಂಜೆಯ ಟೀವಿ ನೆನಪಾಗುತ್ತದೆ. ಅದನ್ನೆಲ್ಲ ಬಿಟ್ಟು, ಆಗುವ ಕೆಲಸ ನಿಜವಾಗಿ ಏನು ಅಂತ ನೋಡಿದೆ. ಆಗ ಒಂದು ಪದ ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಅದಕ್ಕೇ ಈ ಪತ್ರ.

ಅವನಿಗೆ ತೋರಿಸಲು ತೆಗೆದುಕೊಂಡ ಉದಾಹರಣೆ ನಮ್ಮ ಪಕ್ಕದ್ದೇ. ನಾನಿರುವುದು ಜರ್ಮನಿಯಲ್ಲಿ. ಫ್ರಾಂಕ್‌ಫರ್ಟಿನ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಕೆಲಸದ ದಿನಗಳಲ್ಲಿ ಸಂಜೆ ನಾಲ್ಕರ ಸುಮಾರಿಗೆ ಒಂದು ಎಕ್ಸ್‌ಎಂಎಲ್ ಫೈಲ್ ಹಾಕುತ್ತದೆ. ಒಂದು ಯೂರೋಗೆ ಎಷ್ಟು ಡಾಲರು, ಎಷ್ಟು ಯೆನ್, ಎಷ್ಟು ರೂಪಾಯಿ ಅನ್ನುವ ಪಟ್ಟಿ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರೊಳಗೆ ‘ಕ್ಯೂಬ್’ ಅನ್ನುವ ಟ್ಯಾಗ್ ಇದೆ. ಅದರೊಳಗೆ ಇನ್ನೊಂದು ಕ್ಯೂಬ್, ಅದಕ್ಕೆ ತಾರೀಖು ಅಂಟಿಸಿದ್ದಾರೆ. ಅದರೊಳಗೆ ಮತ್ತೆ ಸಾಲುಸಾಲಾಗಿ ಕ್ಯೂಬುಗಳು. ಒಂದೊಂದಕ್ಕೂ ಎರಡೇ ಮಾಹಿತಿ: ಕರೆನ್ಸಿ ಯಾವುದು, ದರ ಎಷ್ಟು. ಮೂರು ಹಂತಕ್ಕೂ ಒಂದೇ ಹೆಸರು ಯಾಕಿಟ್ಟರೋ, ಮೂರು ತಲೆಮಾರಿಗೂ ರಂಗಪ್ಪ ಅಂತಲೇ ಹೆಸರಿಟ್ಟ ಹಾಗೆ.

ಈ ಫೈಲಿನಿಂದ ಬೇಕಾದ್ದನ್ನು ಹೊರಗೆ ತೆಗೆಯುವುದಕ್ಕೆ ಪಾರ್ಸ್ ಮಾಡುವುದು ಅನ್ನುತ್ತೇವೆ. ಇದಕ್ಕೆ ‘ಬಿಡಿಸು’ ಅಂದರೆ ಸಾಕು ಅಂತ ನನಗೆ ಅನ್ನಿಸಿದೆ. ಎಷ್ಟು ಒಳ್ಳೆಯ ಪದ ನೋಡಿ. ಅವರೆಕಾಯಿ ಬಿಡಿಸುತ್ತೇವೆ, ಹಲಸಿನಹಣ್ಣು ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ. ಕನ್ನಡ ಮೇಷ್ಟ್ರು ಸಂಧಿ ಬಿಡಿಸಿ ಬರೆಯಿರಿ ಅನ್ನುತ್ತಿದ್ದರು. ಈ ಕೊನೆಯದಂತೂ ಪಾರ್ಸ್ ಮಾಡುವುದೇ, ಬೇರೇನಲ್ಲ. ಎಲ್ಲದರಲ್ಲೂ ಇರುವುದು ಒಂದೇ ಭಾವ: ಒಟ್ಟಿಗೆ ಕೂಡಿಕೊಂಡಿರುವುದನ್ನು, ಅದು ಎಲ್ಲಿ ಕೂಡಿದೆಯೋ ಅಲ್ಲೇ ಬೇರೆ ಮಾಡುವುದು. ಕತ್ತರಿಸುವುದಲ್ಲ. (ಚಿತ್ರ ಬಿಡಿಸುವುದು ಮಾತ್ರ ಇದರಲ್ಲಿ ಸೇರುವುದಿಲ್ಲ. ಅದು ಹೇಗೆ ಬಂತು ಅಂತ ಬಲ್ಲವರು ಇನ್ನೊಂದು ಪತ್ರದಲ್ಲಿ ಹೇಳಿ, ಇಲ್ಲಿ ಬೇಡ.)

ಇಲ್ಲಿಯವರೆಗೆ ಸುಲಭ. ಇನ್ನು ತೊಡಕು.

ಬಿಡಿಸಿದ ಮೇಲೆ ಕೈಗೆ ಬಂದದ್ದು ಏನು? ಬರೀ ಅಕ್ಷರ. ದರದ ಜಾಗದಲ್ಲಿ 90 ಅಂತ ಇದ್ದರೆ ಅದು ತೊಂಬತ್ತು ಅಲ್ಲ, ‘9’ ಮತ್ತು ‘0’ ಅನ್ನುವ ಎರಡು ಗುರುತು, ಅಷ್ಟೇ. ಸಿ-ಶಾರ್ಪ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅದಕ್ಕೆ 5 ಕೂಡಿಸಿ ನೋಡಿ. 95 ಬರುವುದಿಲ್ಲ, 905 ಬರುತ್ತದೆ, ಪಕ್ಕಪಕ್ಕ ಅಂಟಿಕೊಂಡು. ತಾರೀಖೂ ಹಾಗೇ. ಕಣ್ಣಿಗೆ ತಾರೀಖು, ಯಂತ್ರಕ್ಕೆ ಹತ್ತು ಅಕ್ಷರ. ಇದು ಸಂಖ್ಯೆ, ಇದು ದಿನಾಂಕ, ಇದು ಸುಮ್ನೆ ಹೆಸರು ಅಂತ ಒಂದೊಂದಕ್ಕೂ ಅದರ ಬಗೆ (ಟೈಪ್) ಕೊಡಬೇಕು. ಇದು ಬಿಡಿಸುವುದಕ್ಕಿಂತ ಬೇರೆಯೇ ಕೆಲಸ. ಇಂಗ್ಲಿಷಿನಲ್ಲಿ ಎರಡಕ್ಕೂ ಪಾರ್ಸ್ ಅಂದುಬಿಡುತ್ತಾರೆ, ನಮ್ಮ ಆಫೀಸಿನಲ್ಲೂ ಹಾಗೇ.

ಬೇರೆ ಅಂತ ನನಗೆ ತಿಳಿದದ್ದು ಪೆಟ್ಟು ತಿಂದು. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಇಂಥದೇ ದರದ ಫೈಲು ಓದುವ ಕೋಡ್ ಬರೆದಿದ್ದೆ. ನನ್ನ ಲ್ಯಾಪ್‌ಟಾಪಿನ ಸೆಟ್ಟಿಂಗ್ ಇಂಗ್ಲಿಷಿನದು, ಚೆನ್ನಾಗಿ ಓಡಿತು. ಸರ್ವರ್‌ಗೆ ಹಾಕಿದೆವು, ಅದರ ಸೆಟ್ಟಿಂಗ್ ಜರ್ಮನ್. ಜರ್ಮನರು ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಸಾವಿರ ಬೇರೆ ಮಾಡಲು ಚುಕ್ಕಿ ಇಡುತ್ತಾರೆ. ನಮ್ಮದಕ್ಕೆ ಪೂರಾ ಉಲ್ಟಾ. 1.0850 ಅಂತ ಬಂದದ್ದನ್ನು ಆ ಸರ್ವರ್ ಚುಕ್ಕಿ ನುಂಗಿ 10850 ಅಂತ ಓದಿತು. ಒಂದು ಯೂರೋಗೆ ಹತ್ತು ಸಾವಿರಕ್ಕೂ ಜಾಸ್ತಿ ಡಾಲರು! ಎರರ್ ಬರಲಿಲ್ಲ, ಒಂದು ಎಚ್ಚರಿಕೆಯೂ ಇಲ್ಲ. ಮಧ್ಯಾಹ್ನ ಲೆಕ್ಕದವರು ಎದ್ದು ನನ್ನ ಮೇಜಿಗೇ ಬಂದರು. ಆಮೇಲೆ, ಯಾವ ದೇಶದ ಸೆಟ್ಟಿಂಗೂ ಬೇಡ, ಚುಕ್ಕಿ ಅಂದರೆ ದಶಮಾಂಶ ಅಂತ ಕೋಡಿನಲ್ಲೇ ಬಿಡಿಸಿ ಹೇಳಿದೆ. (ನೋಡಿ, ‘ಬಿಡಿಸಿ ಹೇಳು’ ತಾನಾಗೇ ಬಂತು.) ಅವತ್ತು ಬಿಡಿಸಿದ್ದರಲ್ಲಿ ತಪ್ಪಿರಲಿಲ್ಲ. ಕಾಳು ಸರಿಯಾಗೇ ಹೊರಗೆ ಬಂದಿತ್ತು. ತಪ್ಪಿದ್ದು ಬಗೆ ಕೊಟ್ಟಿದ್ದರಲ್ಲಿ. ಎರಡು ಕೆಲಸಕ್ಕೆ ಎರಡು ಪದ ಬೇಕು ಅಂತ ನಾನು ಹಟ ಹಿಡಿದಿರುವುದು ಅದಕ್ಕೇ.

‘ಟೈಪ್’ಗೆ ಬಗೆ ಅಂದದ್ದು ಯಾಕೆ ಅಂದರೆ, ‘ಮಾದರಿ’ ಅನ್ನುವುದು ಆಗಲೇ ಮಾಡೆಲ್‌ಗೆ ಹೋಗಿದೆ. ‘ನಮೂನೆ’ ಅಂದರೆ ಸರ್ಕಾರಿ ಅರ್ಜಿ ನೆನಪಾಗುತ್ತದೆ. ‘ಟೈಪು’ ಅಂತಲೇ ಇಟ್ಟುಕೊಳ್ಳೋಣ ಅಂದರೆ ಇನ್ನೊಂದು ಫಜೀತಿ. ನಮ್ಮ ಹುಡುಗ ತನ್ನ ನೋಟ್ಸಿನಲ್ಲಿ ಟೈಪ್ಡ್ ಕಲೆಕ್ಷನ್‌ಗೆ ‘ಟೈಪ್ ಮಾಡಿದ ಸಂಗ್ರಹ’ ಅಂತ ಬರೆದುಕೊಂಡಿದ್ದ, ಯಾರೋ ಕೂತು ಕೀಬೋರ್ಡ್ ಕುಟ್ಟಿದ ಹಾಗೆ! ‘ಬಗೆ’ ಚಿಕ್ಕದು, ಎಲ್ಲರಿಗೂ ಗೊತ್ತು.

ಇನ್ನೊಂದು ಮಾತು. ಟೈಪ್ಡ್ ಕಲೆಕ್ಷನ್ ಅಂದರೆ ಒಳಗೆ ಯಾವ ಬಗೆಯದು ಇರಬಹುದು ಅಂತ ಮೊದಲೇ ಗೊತ್ತುಮಾಡಿದ ಗುಂಪು. ಸಿ-ಶಾರ್ಪ್‌ಗೆ ಇದು 2005ರಲ್ಲಿ ಬಂತು. ಅದಕ್ಕೆ ಮೊದಲು ನಾವು ಬಳಸುತ್ತಿದ್ದ ‘ಅರೇ ಲಿಸ್ಟ್’ ಒಂದು ಗೋಣಿಚೀಲ. ಸಂಖ್ಯೆ ಹಾಕಿ, ಹೆಸರು ಹಾಕಿ, ಏನು ಹಾಕಿದರೂ ನುಂಗುತ್ತಿತ್ತು. ತೆಗೆಯುವಾಗ ನೀವೇ ಕೈ ಹಾಕಿ ತಡವಿ ನೋಡಬೇಕಿತ್ತು. ಆದರೆ ಕನ್ನಡಕ್ಕೆ ಈ ಬುದ್ಧಿ ಮೊದಲಿಂದಲೂ ಇದೆ ಅಲ್ವಾ? ಗೊನೆ ಅಂದರೆ ಬಾಳೆ, ತಪ್ಪಿದರೆ ತೆಂಗು. ಮಂದೆ ಅಂದರೆ ಕುರಿಯೋ ದನವೋ. ಬಣವೆಯಲ್ಲಿ ಹುಲ್ಲು, ಹೊರೆಯಲ್ಲಿ ಸೌದೆ, ಕಂತೆಯಲ್ಲಿ ಕಾಗದ ಇಲ್ಲವೇ ನೋಟು. ಗುಂಪಿನ ಹೆಸರು ಕೇಳಿದ ಕೂಡಲೇ ಒಳಗೆ ಏನಿದೆ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಎಣಿಸುವಾಗಲೂ ಹಾಗೇ: ಮೂರು ಹಸು, ಮೂವರು ಮಕ್ಕಳು. ‘ಮೂವರು ಹಸುಗಳು’ ಅಂದುನೋಡಿ, ಎರಡನೇ ಕ್ಲಾಸಿನ ಮಗುವೂ ನಗುತ್ತದೆ. ನಾವು ಬರೆದ ಕೋಡನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬದಲಾಯಿಸುವ ಕಂಪೈಲರ್ ಮಾಡುವುದೂ ಅದೇ ಕೆಲಸ, ನಗುವುದಿಲ್ಲ ಅಷ್ಟೇ. ಸದ್ಯಕ್ಕೆ ‘ಒಂದೇ ಬಗೆಯ ಪಟ್ಟಿ’ ಅಂತ ಹೇಳಿಕೊಟ್ಟಿದ್ದೇನೆ. ‘ದರಗಳ ಪಟ್ಟಿ’ ಅಂದರೆ ಅದರಲ್ಲಿ ದರ ಬಿಟ್ಟು ಬೇರೇನೂ ಕೂರುವ ಹಾಗಿಲ್ಲ.

ಕ್ಲಾಸ್ (ಒಂದು ವಸ್ತು ಹೇಗಿರಬೇಕು ಅನ್ನುವ ವಿವರಣೆ) ಮತ್ತು ಆಬ್ಜೆಕ್ಟ್‌ಗೆ (ಆ ವಿವರಣೆಯಂತೆ ಕಟ್ಟಿದ ಒಂದು ವಸ್ತು) ಶಾಲೆಯ ವ್ಯಾಕರಣ ನೆರವಿಗೆ ಬಂತು. ನದಿ ರೂಢನಾಮ, ಕಾವೇರಿ ಅಂಕಿತನಾಮ. ‘ದರ’ ಅನ್ನುವ ಕ್ಲಾಸು ರೂಢನಾಮದ ಹಾಗೆ, ಇವತ್ತಿನ ರೂಪಾಯಿ ದರ ಅಂಕಿತನಾಮದ ಹಾಗೆ. ಹುಡುಗನಿಗೆ ತಕ್ಷಣ ಹತ್ತಿತು.

ಉಳಿದದ್ದು ಡಿಸೀರಿಯಲೈಸ್. ಬಿಡಿಸಿ, ಬಗೆ ಕೊಟ್ಟು, ಒಂದೊಂದು ಕ್ಯೂಬಿನಿಂದಲೂ ಒಂದೊಂದು ‘ದರ’ ಕಟ್ಟಿ ಪಟ್ಟಿಗೆ ಸೇರಿಸುವ ಇಡೀ ಕೆಲಸ. ‘ಬಿಚ್ಚು’ ಸಾಲದು, ಅದು ಬಿಚ್ಚಿ ಅಲ್ಲೇ ಬಿಟ್ಟ ಹಾಗಾಗುತ್ತದೆ. ‘ಮರುಜೋಡಿಸು’ ಪರವಾಗಿಲ್ಲ. ಮನೆ ಬದಲಾಯಿಸುವಾಗ ಮಂಚ ಕಳಚಿ ಲಾರಿಗೆ ಹಾಕಿ, ಹೊಸ ಮನೆಯಲ್ಲಿ ಮತ್ತೆ ಜೋಡಿಸುವ ಹಾಗೆ. ಆದರೆ ಇಲ್ಲಿ ಮೊದಲಿದ್ದ ಮಂಚವೇ ಬರಬೇಕಂತಿಲ್ಲ. ಬ್ಯಾಂಕಿನವರು ತಮ್ಮ ಕಡೆ ಯಾವ ಭಾಷೆಯಲ್ಲಿ ಏನು ಕಟ್ಟಿಕೊಂಡಿದ್ದರೋ ನನಗೆ ಅದು ಬೇಕಿಲ್ಲ, ನನ್ನ ಆಕಾರಕ್ಕೆ ನಾನು ತುಂಬಿಕೊಳ್ಳುತ್ತೇನೆ.

ಹಾಗೆ ಯೋಚಿಸುವಾಗ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಯಿತು. ಅಮ್ಮ ಮರದ ಅಚ್ಚಿನ ಎರಡು ಹೋಳು ನೀರಲ್ಲಿ ನೆನೆಸಿ, ಜೋಡಿಸಿ ದಾರ ಸುತ್ತಿ, ಮೇಲಿನ ತೂತಿನಿಂದ ಪಾಕ ಹೊಯ್ಯುತ್ತಿದ್ದಳು. ಒಳಗೆ ಗಿಳಿಯೋ ಆನೆಯೋ ಅಂತ ತೀರ್ಮಾನ ಮಾಡುವುದು ಪಾಕವಲ್ಲ, ಅಚ್ಚು. ಪಾಕ ಸಾಲದೆ ಹೋದರೆ ಮೂಗಿಲ್ಲದ ಗಿಳಿ ಹೊರಗೆ ಬರುತ್ತಿತ್ತು. ನಮ್ಮಲ್ಲೂ ಫೈಲಿನಲ್ಲಿ ದರ ಬರೆಯದೆ ಬಿಟ್ಟಿದ್ದರೆ ಆಬ್ಜೆಕ್ಟಿನಲ್ಲಿ ಆ ಜಾಗ ಖಾಲಿ, ಇಲ್ಲವೇ ಬರೀ ಸೊನ್ನೆ. ಮೂಗಿಲ್ಲದ ಗಿಳಿಯೇ! ‘ಅಚ್ಚಿಗೆ ಹೊಯ್ಯು’ ಅಂದರೆ ಹೇಗೆ ಅಂತ ಖುಷಿಯಾಗಿ ಹುಡುಗನಿಗೆ ಕಳಿಸಿದೆ.

ಐದೇ ನಿಮಿಷಕ್ಕೆ ಉತ್ತರ ಬಂತು: "ದೊಡ್ಡಮ್ಮ, ಅಚ್ಚು ಅಂದ್ರೆ ಪ್ರಿಂಟ್ ಅಲ್ವಾ? ಅಚ್ಚಿಗೆ ಹೋಗಿದೆ ಅಂದ್ರೆ ಪ್ರೆಸ್ಸಿಗೆ ಹೋಗಿದೆ ಅಂತ ಅಲ್ವಾ?"

ಹೌದು, ಮರೆತೇ ಹೋಗಿತ್ತು. ‘ಎರಕ ಹೊಯ್ಯು’ ಅಂದರೆ ಈ ಗೊಂದಲ ಇರುವುದಿಲ್ಲ, ಆದರೆ ಆ ಪದ ಇವತ್ತಿನ ಹುಡುಗರ ಬಾಯಲ್ಲಿ ಇದೆಯೇ? ಕಂಚುಗಾರರು, ವಿಗ್ರಹ ಮಾಡುವವರು ಲೋಹ ಅಚ್ಚಿಗೆ ಸುರಿಯುವುದಕ್ಕೆ, ಬೆಲ್ಲದ ಆಲೆಮನೆಯವರು ಪಾಕ ಸುರಿಯುವುದಕ್ಕೆ ಬೇರೆ ಏನಾದರೂ ಹೇಳುತ್ತಾರಾ? ಮಂಡ್ಯದ ಕಡೆಯವರು, ಧಾರವಾಡದ ಕಡೆಯವರು ನಿಮ್ಮ ಮನೆಯ ಮಾತು ಹೇಳಿ. ‘ಡಿಸೀರಿಯಲೈಸ್ ಮಾಡು’ ಅಂತಲೇ ಬಿಟ್ಟುಬಿಡಿ ಅನ್ನುವವರೂ ಹೇಳಿ, ಬೇಜಾರಿಲ್ಲ. ಅವನ ವೈವಾ ಬರುವ ಗುರುವಾರ, ಅದಕ್ಕೆ ಮೊದಲು ಉತ್ತರ ಸಿಕ್ಕರೆ ಉಪಕಾರ.