ನೀರು ಇಳಿಸಬೇಕು, ಬೆಳೆ ಬಿಡಬಾರದು: ಮಾಡಿ ನೋಡಿದವರು ಹೇಳಿ

ಎರೆಹೊಲ:
ಎಲ್ಲರಿಗೂ ನಮಸ್ಕಾರ. ನಮ್ಮದು ಆರು ಎಕರೆ ಎರೆ ಮಣ್ಣು. ಒಂದು ತೆರೆದ ಬಾವಿ, ಒಂದು ಬೋರು. ಅರ್ಧದಲ್ಲಿ ಕಬ್ಬು, ಉಳಿದದ್ದರಲ್ಲಿ ಮೆಕ್ಕೆಜೋಳ ಮತ್ತು ಈರುಳ್ಳಿ. ಇಲ್ಲಿಯವರೆಗೆ ಎಲ್ಲಕ್ಕೂ ಹಾಯಿನೀರೇ. ಈಗ ಬೋರು ಮೊದಲಿನಷ್ಟು ಹೊತ್ತು ಎತ್ತುವುದಿಲ್ಲ. ನಡುವೆ ಗಾಳಿ ಬರುತ್ತದೆ, ನಿಲ್ಲಿಸಿ ಕಾಯಬೇಕು. ಇನ್ನೊಂದು ಬೋರು ಕೊರೆಸುವ ಮನಸ್ಸಿಲ್ಲ. ನೀರಿನ ಬಳಕೆಯನ್ನು ಮೂರರಲ್ಲಿ ಒಂದು ಪಾಲಾದರೂ ಇಳಿಸಬೇಕು. ಡ್ರಿಪ್ (ಹನಿ ನೀರಾವರಿ) ಒಂದೇ ದಾರಿಯಾ? ಹಾಯಿನೀರಲ್ಲೇ ಉಳಿಸಲು ಆಗುತ್ತಾ?

ಹನಿನೀರು:
ಡ್ರಿಪ್ ಹಾಕಿಸುವವರೆಲ್ಲ ಪೈಪಿನ ರೇಟು ಕೇಳುತ್ತಾರೆ. ಬೋರಿನ ನೀರಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ. ನಮಗೆ ಪೈಪು ಹಾಕಿಕೊಟ್ಟವನೂ ಕೇಳಲಿಲ್ಲ. ಅವನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಮ್ಮ ನೀರಲ್ಲಿ ಕಬ್ಬಿಣ ಜಾಸ್ತಿ. ಮೇಲೆ ಬರುವಾಗ ತಿಳಿಯಾಗಿಯೇ ಇರುತ್ತದೆ. ಬಕೆಟ್‌ನಲ್ಲಿ ಹಿಡಿದಿಟ್ಟರೆ ಸ್ವಲ್ಪ ಹೊತ್ತಿಗೆ ಕೆಂಪಗಾಗಿ ತಳದಲ್ಲಿ ಗಸಿ ಕೂರುತ್ತದೆ. ಲ್ಯಾಟರಲ್, ಅಂದರೆ ಸಾಲಿನುದ್ದಕ್ಕೂ ಹಾಸಿದ ಸಣ್ಣ ಪೈಪು, ಅದರ ಒಳಗೂ ಇದೇ ನಡೆಯುತ್ತದೆ. ಕರಗಿದ ಕಬ್ಬಿಣ ಫಿಲ್ಟರನ್ನು ಆರಾಮಾಗಿ ದಾಟುತ್ತದೆ, ಗಾಳಿ ತಾಗಿದ ಮೇಲೆ ತುಕ್ಕಾಗುತ್ತದೆ. 120 ಮೆಶ್‌ನ (ಸಣ್ಣ ಕಣ್ಣಿನ ಜಾಲರಿಯ) ಸ್ಕ್ರೀನ್ ಫಿಲ್ಟರ್ ಇತ್ತು, ಏನೂ ಹಿಡಿಯಲಿಲ್ಲ. ಲೀಟರಿಗೆ 0.5 ಮಿಲಿಗ್ರಾಂ ದಾಟಿದರೇ ಹುಷಾರಾಗಿರಬೇಕು. 1.5 ದಾಟಿದರೆ ಡ್ರಿಪ್ಪರ್ (ನೀರು ಹನಿಸುವ ಸಣ್ಣ ಬಾಯಿ) ಉಳಿಯುವುದು ಕಷ್ಟ.

ಸಬ್‌ಮೇನ್ (ಲ್ಯಾಟರಲ್‌ಗಳಿಗೆ ನೀರು ಕೊಡುವ ದಪ್ಪ ಪೈಪು) ಹತ್ತಿರದ ಗಿಡಗಳು ಹಸಿರಾಗಿದ್ದವು, ಸಾಲಿನ ಕೊನೆಯವು ಮಧ್ಯಾಹ್ನಕ್ಕೇ ಜೋತು ಬೀಳುತ್ತಿದ್ದವು. ಪೈಪು ಕೊಯ್ದು ನೋಡಿದರೆ ಒಳಗೆಲ್ಲ ಕಂದು ಲೋಳೆ. ಬೆರಳಲ್ಲಿ ಒರೆಸಿದರೆ ಜಾರುತ್ತದೆ, ಹೋಗುವುದಿಲ್ಲ. ಗಂಟೆಗೆ 2 ಲೀಟರ್ ಬಿಡಬೇಕಾದ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ಅಳೆದೆ. ಅರ್ಧ ಲೀಟರೂ ಬರಲಿಲ್ಲ. ಹಾಕಿಕೊಟ್ಟವನನ್ನು ಕರೆಸಿದರೆ ‘ಪ್ರೆಶರ್ ಸಾಲದು’ ಅಂತ ಹೇಳಿ ದೊಡ್ಡ ಪಂಪು ಮಾರಿದ. ಕಟ್ಟಿದ ಬಾಯಿಗೆ ಪ್ರೆಶರ್ ಕೊಟ್ಟರೆ ಏನಾಗುತ್ತದೆ? ಪೈಪು ಜೋಡಿಸುವ ಜಾಯ್ನರ್‌ಗಳು ಕಿತ್ತು ಬಂದವು. ಲ್ಯಾಟರಲ್ ಸೇರಿಸುವ ತೂತಿನ ರಬ್ಬರ್ ಉಂಗುರ, ಗ್ರೊಮೆಟ್, ಅದರ ಸುತ್ತ ನೀರು ಚಿಮ್ಮಿತು.

ಈಗ ಬೋರಿನ ನೀರು ಮೊದಲು ತೊಟ್ಟಿಗೆ ಬೀಳುತ್ತದೆ. ಗಾಳಿ ಸೇರಲಿ ಅಂತ ತೂತಿನ ತಗಡಿನ ಮೇಲಿಂದ ಉದುರಿಸುತ್ತೇವೆ. ರಾತ್ರಿಯಿಡೀ ಗಸಿ ಇಳಿಯುತ್ತದೆ. ಬೆಳಿಗ್ಗೆ ಮೇಲಿನ ತಿಳಿ ನೀರು ಇನ್ನೊಂದು ಪಂಪಿನಲ್ಲಿ ಮರಳಿನ ಫಿಲ್ಟರಿಗೆ, ಅಲ್ಲಿಂದ ಡಿಸ್ಕ್ ಫಿಲ್ಟರಿಗೆ ಹೋಗುತ್ತದೆ. ತೊಟ್ಟಿ, ಎರಡನೇ ಪಂಪು, ಮರಳಿನ ಫಿಲ್ಟರ್ ಸೇರಿದರೆ ಇಡೀ ಹೊಲದ ಲ್ಯಾಟರಲ್‌ಗೆ ಬಿದ್ದಷ್ಟೇ ಖರ್ಚು. ಕೊಟೇಶನ್‌ನಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಅದರ ಮೇಲೆ ಇಲಿ ಕಡಿದದ್ದು, ಕಳೆ ತೆಗೆಯುವಾಗ ಕುಡುಗೋಲು ತಾಗಿದ್ದು, ಕಳೆದುಹೋದ ಎಂಡ್ ಕ್ಯಾಪು (ಪೈಪಿನ ಕೊನೆಯ ಮುಚ್ಚಳ). ಪ್ರತಿ ಬೆಳೆಗೂ ಒಂದು ಚೀಲ ಜಾಯ್ನರ್ ಬೇಕೇ ಬೇಕು. ಇಷ್ಟಾದರೂ ಡ್ರಿಪ್ ಬಿಡುವುದಿಲ್ಲ. ನೀರು ಅರ್ಧಕ್ಕೆ ಬಂದಿದೆ.

ಗದ್ದೆಮನೆ:
ನೀರು ಉಳಿಸುವುದು ಅಂದ ಕೂಡಲೇ ಎಲ್ಲರೂ ಪೈಪಿನ ಮಾತಾಡುತ್ತಾರೆ. ನಾವು ಭತ್ತದವರು. ಒಂದು ತುಂಡು ಪಿವಿಸಿ ಪೈಪಿನಲ್ಲಿ ಉಳಿಸಿದ್ದೇವೆ. 30 ಸೆಂಟಿಮೀಟರ್ ಪೈಪು, ಕೆಳಗಿನ ಭಾಗಕ್ಕೆಲ್ಲ ತೂತು. ಅದನ್ನು ಗದ್ದೆಯಲ್ಲಿ ಹುಗಿದು ಒಳಗಿನ ಮಣ್ಣು ತೆಗೆಯಬೇಕು. ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವವರೆಗೆ ಕಾಯಬೇಕು. ಆಮೇಲೆ 5 ಸೆಂಟಿಮೀಟರ್ ನಿಲ್ಲುವಷ್ಟು ಬಿಡಬೇಕು. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹಬ್ಬಿಸಿದ ವಿಧಾನ ಇದು. ಸರಿಯಾಗಿ ಮಾಡಿದರೆ ನೀರಿನಲ್ಲಿ 30% ವರೆಗೆ ಉಳಿಯುತ್ತದೆ, ಇಳುವರಿ ಬೀಳುವುದಿಲ್ಲ.

ಕಷ್ಟ ಬಂದದ್ದು ಮನೆಯಲ್ಲಿ. ಗದ್ದೆ ಮೇಲೆ ನೀರು ಕಾಣದಿದ್ದರೆ ನಮ್ಮ ಮಾವನವರಿಗೆ ಊಟ ಸೇರುತ್ತಿರಲಿಲ್ಲ. ನಾನು ಒಂದು ಕಡೆ ಬದು ಕಟ್ಟಿ ಬಂದರೆ ಅವರು ಇನ್ನೊಂದು ಕಡೆ ಕಡಿಯುತ್ತಿದ್ದರು. ಕೊನೆಗೆ ಅವರನ್ನೇ ಪೈಪಿನ ಹತ್ತಿರ ಕರೆದೊಯ್ದು ಕಡ್ಡಿ ಇಳಿಸಿ ತೋರಿಸಿದೆ. ಮೇಲೆ ಮಣ್ಣು ಬಿರಿದಿದೆ, ಕೆಳಗೆ ಕಡ್ಡಿ ಒದ್ದೆ. ಆಮೇಲೆ ಸುಮ್ಮನಾದರು. ಈಗ ಕಡ್ಡಿ ಅವರ ಕೈಲೇ ಇದೆ.

ಖರ್ಚು ಕಳೆಯಲ್ಲಿ ಬರುತ್ತದೆ. ನಾಟಿಯಾದ ಮೊದಲ ಎರಡು ವಾರ ನೀರು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಕಳೆ ಮೇಲೇಳುತ್ತದೆ. ಒಂದು ಬೆಳೆಗೆ ಕಾಲುವೆ ನೀರು ತಡವಾಯಿತು, ಕಳೆಯ ಕೂಲಿಗೇ ಲಾಭ ಹೋಯಿತು. ಹೂ ಬರುವ ಹೊತ್ತಿಗೂ ಒಣಗಿಸಬಾರದು.

ಹನಿನೀರು:
ಅಕ್ಕ, ಕೇಳಿದವರಿಗೆ ಗದ್ದೆಯೇ ಇಲ್ಲ. ಕಬ್ಬು, ಜೋಳ, ಈರುಳ್ಳಿ ಅಂತ ಬರೆದಿದ್ದಾರಲ್ವಾ?

ಗದ್ದೆಮನೆ:
ಅವರ ನೀರಲ್ಲಿ ಕಬ್ಬಿಣ ಇದೆ ಅಂತ ಅವರೂ ಬರೆದಿಲ್ಲ. ನೀವು ಅಷ್ಟುದ್ದ ಬರೆದಿರಿ. ನಾನು ಓದಿದೆ, ಸುಮ್ಮನಿದ್ದೆ.

ಮೀಟರ್‌ಬಾವಿ:
ಯಾವ ವಿಧಾನ ಅನ್ನುವುದಕ್ಕಿಂತ ಮೊದಲು ಮೀಟರ್ ಹಾಕಿ ಸರ್. ‘ಅರ್ಧ ಉಳಿಯಿತು’ ಅಂತ ಹೇಳುವವರಲ್ಲಿ ಎಷ್ಟು ಜನ ಅಳೆದಿದ್ದಾರೆ? ಒಂದು ಎಕರೆಗೆ 1 ಮಿಲಿಮೀಟರ್ ನೀರು ಅಂದರೆ ಸುಮಾರು 4,000 ಲೀಟರ್. ಬೆಳೆ ದಿನಕ್ಕೆ 5 ಮಿಲಿಮೀಟರ್ ಕುಡಿದರೆ 20,000 ಲೀಟರ್. ಪೈಪು ಹಾಕಿದ ಮಾತ್ರಕ್ಕೆ ಗಿಡ ಕುಡಿಯುವುದು ಕಡಿಮೆ ಆಗುವುದಿಲ್ಲ. ಉಳಿಯುವುದು ದಂಡವಾಗಿ ಹೋಗುತ್ತಿದ್ದ ಪಾಲು ಮಾತ್ರ.

ನಮ್ಮ ಕಥೆ ಇದು. ಅಣ್ಣ ತಮ್ಮ ಇಬ್ಬರಿಗೂ ಒಂದೇ ಬಾವಿ. ನಾನು ಡ್ರಿಪ್ ಹಾಕಿದೆ, ಮೀಟರ್ ಓದಿ ಬರೆದಿಟ್ಟೆ. ನನ್ನ ಪಾಲಿನ ನೀರು ನಿಜಕ್ಕೂ ಇಳಿಯಿತು. ಬಾವಿಯಲ್ಲಿ ನೀರು ನಿಂತದ್ದು ಕಂಡು ತಮ್ಮ ಖಾಲಿ ಬಿಟ್ಟಿದ್ದ ಹೊಲಕ್ಕೂ ಕಬ್ಬು ಹಾಕಿದ. ಬೇಸಿಗೆಗೆ ಬಾವಿಯ ತಳ ಮೊದಲಿಗಿಂತ ಬೇಗ ಕಂಡಿತು. ಸಾಲ ನನ್ನದು, ನೀರು ಅವನದು. ಇವತ್ತಿಗೂ ಆ ಮಾತು ಎತ್ತಿದರೆ ಮನೆಯಲ್ಲಿ ಜಗಳ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಅಮೆರಿಕದ ಕಾನ್ಸಾಸ್‌ನಲ್ಲಿ ನೀರು ಉಳಿಸುವ ಹೊಸ ನಾಜಲ್ (ನೀರು ಚಿಮ್ಮಿಸುವ ಮೂತಿ) ಬಂದ ಮೇಲೆ ರೈತರು ಅಂತರ್ಜಲ ಎತ್ತುವುದು ಜಾಸ್ತಿಯೇ ಆಯಿತು ಅಂತ 2014ರಲ್ಲಿ ಬಂದ ಒಂದು ಅಧ್ಯಯನ ತೋರಿಸಿತು. ನೀರು ಜಾಸ್ತಿ ಬೇಕಾದ ಬೆಳೆಗೆ ತಿರುಗಿದ್ದು ಅದಕ್ಕೊಂದು ಕಾರಣ. ಅದೇ ಕಾನ್ಸಾಸ್‌ನಲ್ಲಿ ಶೆರಿಡನ್ ಅನ್ನುವ ಕಡೆ ರೈತರು ತಾವೇ ಕೂತು ಒಂದು ಮಿತಿ ಒಪ್ಪಿಕೊಂಡರು. 2013ರಿಂದ ಐದು ವರ್ಷಕ್ಕೆ ಎಕರೆಗೆ ಒಟ್ಟು 55 ಇಂಚು ನೀರು, ಅಷ್ಟೇ. ಅಲ್ಲಿ ಬಳಕೆ ನಿಜವಾಗಿ ಇಳಿಯಿತು. ಮಿತಿ ಇಲ್ಲದೆ ಪೈಪು ಮಾತ್ರ ಹಾಕಿದರೆ ಉಳಿದ ನೀರು ಪಕ್ಕದ ಹೊಲಕ್ಕೆ ಹೋಗುತ್ತದೆ.

ಹನಿನೀರು:
ನಾನು ಅಳೆದಿದ್ದೇನೆ. ತೊಟ್ಟಿ ಎಷ್ಟು ಹಿಡಿಯುತ್ತದೆ ಅನ್ನುವುದು ನನಗೆ ಗೊತ್ತು, ದಿನಕ್ಕೆ ಎಷ್ಟು ತೊಟ್ಟಿ ಖಾಲಿಯಾಯಿತು ಅನ್ನುವುದೂ ಗೊತ್ತು. ನಿಮ್ಮ ತಮ್ಮ ಮಾಡಿದ್ದಕ್ಕೆ ಡ್ರಿಪ್ಪನ್ನು ಯಾಕೆ ಬೈಯುತ್ತೀರಿ?

ಮೀಟರ್‌ಬಾವಿ:
ಡ್ರಿಪ್ ಬೈಯಲಿಲ್ಲ. ಬಾವಿ ನೋಡಿ ಅಂದೆ. ಇನ್ನೊಂದು ವಿಷಯ, ತಮ್ಮನ ಮಾತು ನಾನು ಆಡಬಹುದು, ನೀವು ಆಡುವುದು ಬೇಡ.

ಹಳೇಪಂಪು:
ಹಾಯಿನೀರು ದಂಡ ಅನ್ನುವ ಮಾತೇ ನನಗೆ ಒಪ್ಪಿಗೆಯಿಲ್ಲ. ಬೇರಿನ ಕೆಳಗೆ ಇಳಿದ ನೀರು ಎಲ್ಲಿ ಹೋಗುತ್ತದೆ? ಬಾವಿಗೇ ವಾಪಸ್ ಬರುತ್ತದೆ. ನಮ್ಮ ಕಡೆ ಮೇಲಿನ ಹೊಲದವರೆಲ್ಲ ಡ್ರಿಪ್ ಹಾಕಿದ ಮೇಲೆ ಕೆಳಗಿನ ನಮ್ಮ ಬಾವಿಗಳ ಒರತೆ ಸೊರಗಿತು. ಅವರು ಉಳಿಸಿದ ಹೆಸರಲ್ಲಿ ನಮ್ಮ ಪಾಲು ಹೋಯಿತು.

ಮೀಟರ್‌ಬಾವಿ:
ನೀವು ಹೇಳಿದ್ದರಲ್ಲಿ ಅರ್ಧ ನಿಜ ಯಜಮಾನ್ರೇ. ಇಳಿದ ನೀರು ಕೆಲವು ಕಡೆ ವಾಪಸ್ ಬರುತ್ತದೆ. ಆದರೆ ಅದನ್ನು ಮತ್ತೆ ಎತ್ತಲು ಮತ್ತೆ ಕರೆಂಟು ಬೇಕು. ಹೊಲಕ್ಕೆ ಹಾಕಿದ ಯೂರಿಯಾ ನೈಟ್ರೇಟ್ ಆಗಿ ಅದರ ಜೊತೆ ಇಳಿದು ಕುಡಿಯುವ ಬಾವಿ ಸೇರುತ್ತದೆ. ಕೆಳಗೆ ಉಪ್ಪುನೀರಿನ ಪದರ ಇದ್ದರಂತೂ ಹೋದದ್ದು ಹೋದಂತೆಯೇ.

ಹಳೇಪಂಪು:
ನನ್ನ ಬಾವಿ ಒಣಗಿದ್ದು ಪೂರ್ತಿ ನಿಜ.

ದಾಳಿಂಬೆತೋಟ:
ಉಪ್ಪಿನ ಮಾತು ಬಂತಲ್ಲ, ಅದನ್ನೇ ಹೇಳೋಣ ಅಂತ ಕಾಯುತ್ತಿದ್ದೆ. ಡ್ರಿಪ್‌ನಲ್ಲಿ ನೀರು ಹರಡಿದಷ್ಟು ದೂರ ಉಪ್ಪನ್ನೂ ತಳ್ಳಿಕೊಂಡು ಹೋಗುತ್ತದೆ. ಒದ್ದೆ ಮುಗಿದು ಒಣ ಮಣ್ಣು ಶುರುವಾಗುವ ಅಂಚಿನಲ್ಲಿ ಬಿಳಿ ಉಂಗುರ ನಿಲ್ಲುತ್ತದೆ. ಬೇಸಿಗೆಯಲ್ಲಿ ಪ್ರತಿ ಗಿಡದ ಸುತ್ತ ನೋಡಿ, ಕಾಣುತ್ತದೆ. ಗಿಡ ಅದರ ನಡುವೆ ಚೆನ್ನಾಗಿಯೇ ಇರುತ್ತದೆ. ಅಪಾಯ ಇರುವುದು ಮೊದಲ ಸಣ್ಣ ಮಳೆಯಲ್ಲಿ. ಮಳೆ ಬಂತು ಅಂತ ಎಲ್ಲರೂ ಖುಷಿಯಿಂದ ಪಂಪು ಆಫ್ ಮಾಡುತ್ತಾರೆ. ಆ ಮಳೆ ಉಂಗುರದ ಉಪ್ಪನ್ನು ಕರಗಿಸಿ ಸೀದಾ ಬೇರಿಗೆ ಇಳಿಸುತ್ತದೆ. ನಮ್ಮ ತೋಟದಲ್ಲಿ ಹಾಗಾದಾಗ ಎಲೆಯ ಅಂಚು ಸುಟ್ಟು, ಹಿಡಿದ ಹೀಚೆಲ್ಲ ಉದುರಿತು. ಎಲ್ಲರೂ ರೋಗ ಅಂದರು. ಔಷಧಿ ಅಂಗಡಿಯವನು ಮೂರು ಬಗೆಯ ಬಾಟಲಿ ಕೊಟ್ಟ. ಮಣ್ಣು ಪರೀಕ್ಷೆಯಲ್ಲಿ ಉಪ್ಪು ಅಂತ ಗೊತ್ತಾಯಿತು.

ಅದಕ್ಕೆ ಈಗ ಸಣ್ಣ ಮಳೆ ಬರುವಾಗ ಡ್ರಿಪ್ ಓಡಿಸುತ್ತೇವೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಒಳಗಿನಿಂದ ನೀರು ತಳ್ಳುತ್ತಾ ಇದ್ದರೆ ಉಪ್ಪು ಬೇರಿನ ಕಡೆ ಬರುವುದಿಲ್ಲ. ದೊಡ್ಡ ಮಳೆ ಬಿದ್ದು ಉಪ್ಪು ಆಳಕ್ಕೆ ಇಳಿದ ಮೇಲೆ ನಿಲ್ಲಿಸಬಹುದು. ನೀರು ತೀರಾ ಬಿಗಿ ಮಾಡಿದರೆ ಉಪ್ಪು ಬೇರಿನ ಹತ್ತಿರವೇ ಕೂರುತ್ತದೆ. ಉಪ್ಪು ನೀರಿನವರು ಆಗಾಗ ಸ್ವಲ್ಪ ಜಾಸ್ತಿ ಬಿಡಲೇಬೇಕು.

ಎರೆಹೊಲ:
ಎಲ್ಲರಿಗೂ ಧನ್ಯವಾದ. ನೀರಿನ ಪರೀಕ್ಷೆ ಇನ್ನೂ ಮಾಡಿಸಿಲ್ಲ. ಎರೆ ಮಣ್ಣಿಗೆ ಡ್ರಿಪ್ಪರ್ ಅಂತರ ಎಷ್ಟಿರಬೇಕು? ಡ್ರಿಪ್ ಬೇಡ ಅಂದರೆ ಕಬ್ಬಿಗೆ ಬೇರೆ ಏನು ಮಾಡಬಹುದು?

ಸಾಲುಬಿಟ್ಟುಸಾಲು:
ನಿಮ್ಮ ಎರಡನೇ ಪ್ರಶ್ನೆಗೆ ಹೇಳುತ್ತೇನೆ. ನಾನು ಒಂದು ಪೈಪೂ ಹಾಕಿಲ್ಲ. ಸಾಲು ಬಿಟ್ಟು ಸಾಲಿಗೆ ನೀರು. ಈ ಸಲ ಈ ಸಾಲು, ಮುಂದಿನ ಸಲ ಪಕ್ಕದ್ದು. ಎರೆ ಮಣ್ಣಲ್ಲಿ ನೀರು ಅಡ್ಡಕ್ಕೆ ಚೆನ್ನಾಗಿ ಹರಡುತ್ತದೆ, ಹಾಗಾಗಿ ಬಿಟ್ಟ ಸಾಲಿನ ಬೇರಿಗೂ ಹದ ಸಿಗುತ್ತದೆ. ಮರಳು ಮಣ್ಣಲ್ಲಿ ಇದನ್ನು ಮಾಡಬೇಡಿ, ನೀರು ಸೀದಾ ಕೆಳಗೆ ಹೋಗುತ್ತದೆ. ಕಬ್ಬಿನ ರವದಿ (ಒಣ ಎಲೆ) ಸುಡದೆ ಬಿಟ್ಟ ಸಾಲಿಗೆ ಹೊದಿಸಿ. ಎರೆ ಮಣ್ಣು ಬಿರುಕು ಬಿಡುವಷ್ಟು ಒಣಗಿಸಬೇಡಿ, ಆಮೇಲೆ ಮೊದಲ ನೀರೆಲ್ಲ ಬಿರುಕಿಗೇ ಹೋಗುತ್ತದೆ.

ಇದಕ್ಕೆ ಮೊದಲು ನೆಲ ಸಮ ಮಾಡಿಸಿದೆ. ದೊಡ್ಡ ಖರ್ಚು ಅದೇ. ನೆಲ ಸಮ ಮಾಡುವ ಲೇಸರ್ ಲೆವೆಲರ್ ಯಂತ್ರದ ಬಾಡಿಗೆ, ಟ್ರ್ಯಾಕ್ಟರ್ ಡೀಸೆಲ್, ಮೇಲ್ಮಣ್ಣು ಕೆರೆದುಹೋದ ಮೂಲೆಗೆ ಗೊಬ್ಬರ. ಆ ಮೂಲೆಯಲ್ಲಿ ಬೆಳೆ ಇನ್ನೂ ಗಿಡ್ಡ. ಆದರೂ ಪಂಪು ಓಡುವ ಹೊತ್ತು ಮೂರರಲ್ಲಿ ಒಂದು ಪಾಲು ಇಳಿಯಿತು. ಇಲಿ ಕಡಿಯುವ ಚಿಂತೆ ಇಲ್ಲ, ತೊಟ್ಟಿ ಬೇಡ.

ಹನಿನೀರು:
ರಾತ್ರಿ ಎದ್ದು ಸಾಲು ತಿರುಗಿಸುವವರ ಕೂಲಿ ಲೆಕ್ಕಕ್ಕಿಲ್ಲವಾ? ಅಂತರದ ಬಗ್ಗೆ ಹೇಳುವುದಾದರೆ ಎರೆ ಮಣ್ಣಲ್ಲಿ ಕಬ್ಬಿಗೆ 50ರಿಂದ 60 ಸೆಂಟಿಮೀಟರ್ ಸಾಕು. ಈರುಳ್ಳಿಗೆ ಹತ್ತಿರ ಬೇಕು, ಬೇರು ಮೇಲೇ ಇರುತ್ತದೆ. ಮರಳು ಮಣ್ಣಾದರೆ 30.

ಸಾಲುಬಿಟ್ಟುಸಾಲು:
ತಿರುಗಿಸುವವನು ನಾನೇ. ನಿಮ್ಮ ತೊಟ್ಟಿಯ ಗಸಿ ಯಾರು ತೆಗೆಯುತ್ತಾರೆ?

ಹೊಸಪೈಪು:
ಡ್ರಿಪ್ಪರ್ ಕಟ್ಟಿದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಒಟ್ಟಿಗೆ ವೆಂಚುರಿಯಲ್ಲಿ (ಗೊಬ್ಬರ, ಔಷಧಿ ಪೈಪಿಗೆ ಎಳೆದುಕೊಳ್ಳುವ ಸಾಧನ) ಬಿಡಿ. ಲೋಳೆಯೂ ಹೋಗುತ್ತದೆ, ಗಡಸು ನೀರಿನಿಂದ ಕಟ್ಟಿದ ಸುಣ್ಣವೂ ಹೋಗುತ್ತದೆ, ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ.

ಹನಿನೀರು:
ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಆಸಿಡ್ ಮತ್ತು ಬ್ಲೀಚಿಂಗ್ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಪಂಪ್ ಮನೆಯ ಒಳಗೆ ನಿಂತವರ ಜೀವಕ್ಕೇ ಅಪಾಯ. ಸುಣ್ಣಕ್ಕೆ ಆಸಿಡ್, ಲೋಳೆಗೆ ಕ್ಲೋರಿನ್. ಎರಡೂ ಬೇರೆ ಬೇರೆ ದಿನ. ನಡುವೆ ಎಲ್ಲ ಲೈನಿನ ಎಂಡ್ ಕ್ಯಾಪ್ ತೆಗೆದು ತಿಳಿ ನೀರು ಬರುವವರೆಗೆ ತೊಳೆಯಬೇಕು. ಬ್ಲೀಚಿಂಗ್ ಕಲಸಿದ ಬಕೆಟ್‌ನಲ್ಲಿ ಆಸಿಡ್ ಮುಟ್ಟಬಾರದು. ಆಸಿಡ್ ಬಿಡುವಾಗ ಪಿಎಚ್ ಸುಮಾರು 4ಕ್ಕೆ ಇಳಿಸಿ, ಅರ್ಧ ಗಂಟೆಯಾದರೂ ಲೈನಿನಲ್ಲಿ ನಿಲ್ಲಿಸಿ ಆಮೇಲೆ ಫ್ಲಶ್ ಮಾಡಿ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಕೈಗವಸು, ಕನ್ನಡಕ ಇಲ್ಲದೆ ಡಬ್ಬಿ ತೆರೆಯಬೇಡಿ.

ಹೊಸಪೈಪು:
ನಾನು ಮಾಡಿದ್ದೇನೆ, ಏನೂ ಆಗಿಲ್ಲ.

ದಾಳಿಂಬೆತೋಟ:
ಬಯಲಲ್ಲಿ ಗಾಳಿ ಇತ್ತು, ಬಚಾವಾದಿರಿ ತಮ್ಮಾ. ಇದನ್ನು ಓದಿ ನಾಳೆ ಯಾರದೋ ಮನೆ ಹುಡುಗ ಮುಚ್ಚಿದ ಶೆಡ್ಡಿನಲ್ಲಿ ಮಾಡುತ್ತಾನೆ. ಮೊದಲು ಆ ಮಾತು ಅಳಿಸಿ, ಜಗಳ ಆಮೇಲೆ ಆಡೋಣ.