ಸಹಾಯ ಬೇಕು: ಕೆನಡಾದ ಪ್ರಾಂತ್ಯಗಳಲ್ಲಿ ಪ್ರೀಮಿಯರ್ ನೇಮಕ

ಕೆನಡಾದ ಪ್ರಾಂತೀಯ ಸರ್ಕಾರಗಳ ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದು, ಬಲ್ಲವರ ನೆರವು ಬೇಕಾಗಿದೆ. ಪ್ರೀಮಿಯರ್ (ಪ್ರಾಂತೀಯ ಸರ್ಕಾರದ ಮುಖ್ಯಸ್ಥರು) ಹುದ್ದೆಗೆ ಮತದಾರರು ಯಾರನ್ನೂ ನೇರವಾಗಿ ಆರಿಸುವುದಿಲ್ಲ. ಶಾಸನಸಭೆಯ ವಿಶ್ವಾಸ ಪಡೆಯಬಲ್ಲ ನಾಯಕರನ್ನು ಪ್ರಾಂತ್ಯದಲ್ಲಿ ರಾಜಪ್ರತಿನಿಧಿಯಾಗಿರುವ ಲೆಫ್ಟಿನೆಂಟ್ ಗವರ್ನರ್ ನೇಮಿಸುತ್ತಾರೆ. ತೊಡಕು ಹುಟ್ಟುವುದು ಯಾರಿಗೂ ಬಹುಮತ ಬಾರದಿದ್ದಾಗ. 2017ರಲ್ಲಿ ಬ್ರಿಟಿಷ್ ಕೊಲಂಬಿಯಾದ 87 ಸ್ಥಾನಗಳ ಪೈಕಿ 43ನ್ನು ಗೆದ್ದ ಪಕ್ಷದ ನಾಯಕಿ, ಆಗಿನ ಪ್ರೀಮಿಯರ್ ಕ್ರಿಸ್ಟಿ ಕ್ಲಾರ್ಕ್ ಅವರು ವಿಶ್ವಾಸಮತದಲ್ಲಿ ಸೋತು ಸಭೆಯ ವಿಸರ್ಜನೆಯನ್ನು ಕೋರಿದಾಗ, ಲೆಫ್ಟಿನೆಂಟ್ ಗವರ್ನರ್ ಅದನ್ನು ಒಪ್ಪದೆ, ತಮ್ಮ ಪಕ್ಷದ 41 ಸ್ಥಾನಗಳ ಜೊತೆಗೆ ಗ್ರೀನ್ ಪಕ್ಷದ ಮೂವರ ಬೆಂಬಲವಿದ್ದ ಜಾನ್ ಹೋರ್ಗನ್ ಅವರನ್ನು ಸರ್ಕಾರ ರಚನೆಗೆ ಆಹ್ವಾನಿಸಿದರು. ನನಗೆ ಇದು ಸರಿಯಾದ ಕ್ರಮವೆಂದೇ ತೋರುತ್ತದೆ (1985ರಲ್ಲಿ ಒಂಟಾರಿಯೊದಲ್ಲೂ ಎರಡನೆಯ ಸ್ಥಾನ ಪಡೆದ ಪಕ್ಷದ ಡೇವಿಡ್ ಪೀಟರ್ಸನ್ ಪ್ರೀಮಿಯರ್ ಆಗಿದ್ದರು). ಆದರೆ ಪ್ರೀಮಿಯರ್ ನೀಡಿದ ಸಲಹೆಯನ್ನು ನಿರಾಕರಿಸುವ ಈ ಅಧಿಕಾರ ಎಲ್ಲಿಯವರೆಗೆ ಸಲ್ಲುತ್ತದೆ, ಚುನಾವಣೆ ಮುಗಿದು ವರ್ಷವಾದ ಮೇಲೂ ಸಲ್ಲುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.