ಅಪ್ಪ ಅಮ್ಮನನ್ನು ಕೊರಿಯಾದ ಹಳ್ಳಿ ಕಡೆ ಕರೆದುಕೊಂಡು ಹೋಗಬೇಕು, ಎಲ್ಲಿಗೆ ಹೋದರೆ ಚೆನ್ನ?

ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಎರಡು ವರ್ಷದಿಂದ ಸಿಯೋಲ್‌ನಲ್ಲಿದ್ದೇವೆ. ಅಕ್ಟೋಬರ್‌ನಲ್ಲಿ ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪ ತೀರ್ಥಹಳ್ಳಿ ಕಡೆ ಗದ್ದೆ, ತೋಟ ಮಾಡಿಕೊಂಡಿರುವವರು. ಅರಮನೆ, ಟವರ್ ಎಲ್ಲ ಅವರಿಗೆ ಒಂದು ದಿನಕ್ಕೆ ಸಾಕಾಗುತ್ತೆ. ವೀಸಾ ಬಂತು ಅಂತ ಹೇಳಿದ ದಿನ ಅವರು ಕೇಳಿದ ಮೊದಲ ಮಾತೇ "ಅಲ್ಲಿ ಭತ್ತ ಹ್ಯಾಗೆ ಬೆಳೀತಾರೆ?" ಅಂತ. ಮೂರು ದಿನ ಯಾವುದಾದರೂ ರೈತರ ಊರಿನಲ್ಲಿ ಇದ್ದು ಬರಬೇಕು ಅಂದುಕೊಂಡಿದ್ದೇವೆ. ನಮ್ಮ ಹತ್ತಿರ ಕಾರಿಲ್ಲ. ಅಪ್ಪ ಅಮ್ಮ ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅಮ್ಮನಿಗೆ ಮಂಡಿ ನೋವು. ಹೋಗಿಬಂದವರು ದಯವಿಟ್ಟು ಹೇಳಿ.

ಮೊದಲ ಉತ್ತರ:

ಗುರ್ಯೆಗೆ ಹೋಗಿ. ನಾನು ಗ್ವಾಂಗ್‌ಜುನಲ್ಲಿ ಓದುತ್ತಿದ್ದಾಗ ಬಿಡುವು ಸಿಕ್ಕಾಗೆಲ್ಲ ಅಲ್ಲಿಗೇ ಓಡುತ್ತಿದ್ದೆ.

ಗುರ್ಯೆ ದಕ್ಷಿಣ ಜೊಲ್ಲಾ ಪ್ರಾಂತ್ಯದ ಒಂದು ಗುನ್. ಗುನ್ ಅಂದರೆ ಸುಮಾರಾಗಿ ನಮ್ಮ ತಾಲ್ಲೂಕು ಅಂದುಕೊಳ್ಳಿ, ಅದರ ಕೆಳಗಿನ ಮ್ಯೊನ್ ನಮ್ಮ ಹೋಬಳಿ. ಇಡೀ ಗುನ್ ಸೇರಿಸಿದರೂ ಜನಸಂಖ್ಯೆ 25 ಸಾವಿರದ ಆಸುಪಾಸು. ಒಂದು ಕಡೆ ಜಿರಿಸಾನ್ ಬೆಟ್ಟ, ಇನ್ನೊಂದು ಕಡೆ ಸೊಮ್‌ಜಿನ್ ನದಿ, ನಡುವೆ ಗದ್ದೆ ಬಯಲು. ಮಲೆನಾಡಿನವರಿಗೆ ಬೆಟ್ಟದ ಬುಡದಲ್ಲಿ ಗದ್ದೆ ಕಂಡರೆ ಸಾಕು, ಮನಸ್ಸು ಅರಳುತ್ತೆ ಅಲ್ವಾ?

ಸಿಯೋಲ್‌ನ ಯೊಂಗ್‌ಸಾನ್ ಸ್ಟೇಷನ್‌ನಿಂದ ಯೊಸು ಕಡೆ ಹೋಗುವ ಕೆಟಿಎಕ್ಸ್ ಅನ್ನುವ ವೇಗದ ರೈಲು ಹಿಡಿಯಿರಿ. ಸುಮಾರು ಎರಡೂವರೆ ಗಂಟೆ. ಇಳಿಯುವ ಸ್ಟೇಷನ್ ಗುರ್ಯೆಗು. 'ಗು' ಅಂದರೆ ಬಾಯಿ, ಗುರ್ಯೆಗೆ ಹೋಗುವ ಬಾಗಿಲು ಅಂತ ಅರ್ಥ. ಸ್ಟೇಷನ್ ಇರುವುದು ಪಕ್ಕದ ಸುನ್‌ಚೊನ್‌ನಲ್ಲಿ, ನದಿ ದಾಟಿದರೆ ಗುರ್ಯೆ. ಎಲ್ಲ ಗಾಡಿಯೂ ಅಲ್ಲಿ ನಿಲ್ಲುವುದಿಲ್ಲ, ನೋಡಿಕೊಂಡು ಬುಕ್ ಮಾಡಿ. ಚುಸೋಕ್ ಹಬ್ಬದ ವಾರ ಮಾತ್ರ ಬೇಡವೇ ಬೇಡ. ಅವರ ಎಂಟನೇ ತಿಂಗಳ ಹುಣ್ಣಿಮೆಗೆ ಬರುವ ಹಬ್ಬ ಅದು, ಸೆಪ್ಟೆಂಬರ್‌ನಲ್ಲಿ ಅಥವಾ ಅಕ್ಟೋಬರ್ ಮೊದಲಿಗೆ ಬೀಳುತ್ತೆ. ಇಡೀ ದೇಶ ಊರಿಗೆ ಹೊರಟಿರುತ್ತೆ, ಟಿಕೆಟ್ ಸಿಗುವುದಿಲ್ಲ.

ಈಗ ಮುಖ್ಯವಾದ ಮಾತು. ಹೋಟೆಲ್ ನೋಡಿ ದಿನ ಗೊತ್ತು ಮಾಡಬೇಡಿ, ಸಂತೆ ನೋಡಿ ಗೊತ್ತು ಮಾಡಿ. ಅಲ್ಲಿ ಐದು ದಿನಕ್ಕೊಮ್ಮೆ ಸಂತೆ ಸೇರುತ್ತೆ, ಓಇಲ್‌ಜಾಂಗ್ ಅಂತಾರೆ. ಗುರ್ಯೆಯದು ತಾರೀಕಿನ ಕೊನೆಗೆ 3 ಅಥವಾ 8 ಇರುವ ದಿನ: 3, 8, 13, 18, 23, 28. ಬೇರೆ ದಿನ ಹೋದರೆ ಸಂತೆ ಬೀದಿ ಬಿಕೋ ಅನ್ನುತ್ತೆ. ಸಂತೆ ದಿನ ಬೆಳಗ್ಗೆ ಹಳ್ಳಿ ಬಸ್ಸಿನಿಂದ ಅಜ್ಜಿಯರು ಗಂಟು ಹಿಡಿದುಕೊಂಡು ಇಳಿಯುತ್ತಾರೆ. ಒಣಮೆಣಸಿನಕಾಯಿ, ಬೆಟ್ಟದ ಗಿಡಮೂಲಿಕೆ, ಎಳ್ಳು, ಗೆಣಸಿನ ದಂಟು, ಪರ್ಸಿಮನ್ ಹಣ್ಣು. ಎಲ್ಲ ನೆಲದ ಮೇಲೆ ಗುಡ್ಡೆ ಗುಡ್ಡೆ. ಮಧ್ಯಾಹ್ನದ ಮೇಲೆ ಕರಗಿಬಿಡುತ್ತೆ, ಅದಕ್ಕೇ ಬೇಗ ಹೋಗಿ. ಕೈಯಲ್ಲಿ ನಗದು ಇರಲಿ.

ಅಲ್ಲಿ ಪ್ಪೊಂಗ್‌ಟ್ವಿಗಿ ಮಾಡುವವರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಜನ ಮನೆಯಿಂದಲೇ ಅಕ್ಕಿ, ಜೋಳ, ಬೇಳೆಕಾಳು ತಂದು ಡಬ್ಬದಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಒಂದು ಕಬ್ಬಿಣದ ಪೀಪಾಯಿ ಬೆಂಕಿಯ ಮೇಲೆ ತಿರುಗುತ್ತಿರುತ್ತೆ. ಕಾವೇರಿದಾಗ ಸೀಟಿ ಊದುತ್ತಾರೆ, ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ. ಮುಚ್ಚಳ ಬಿಚ್ಚಿದ ಕೂಡಲೇ ಢಂ! ಬಿಳಿ ಹೊಗೆಯ ಹಿಂದೆ ಬಲೆಯ ತುಂಬ ಮಂಡಕ್ಕಿ. ನಮ್ಮ ಮಂಡಕ್ಕಿ ಭಟ್ಟಿ ನೋಡಿದವರಿಗೆ ಇದು ತುಂಬ ಇಷ್ಟವಾಗುತ್ತೆ.

ನಿಮ್ಮ ತಂದೆಗೆ ಒಂದು ಹೋಮಿ ಕೊಡಿಸಿ. ಕಳೆ ಕೀಳುವ ಕೈಗುದ್ದಲಿ. ಅಲಗು ಎಲೆಯ ಹಾಗೆ ಅಗಲವಾಗಿ ತುದಿಗೆ ಚೂಪಾಗಿ ಬಾಗಿರುತ್ತೆ. ಕೂತು ಕೆಲಸ ಮಾಡುವವರಿಗೆ ಅದರಷ್ಟು ಒಳ್ಳೆಯ ಹತಾರ ನಾನು ನೋಡಿಲ್ಲ. ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೆ ಹಾಕಿ.

2020ರ ಆಗಸ್ಟ್‌ನಲ್ಲಿ ಸೊಮ್‌ಜಿನ್ ಉಕ್ಕಿ ಈ ಸಂತೆ ಬೀದಿಯೆಲ್ಲ ಮುಳುಗಿತ್ತು. ದನಗಳು ಈಜಿಕೊಂಡು ಬಂದು ಮನೆಗಳ ಮಾಡಿನ ಮೇಲೆ ನಿಂತಿದ್ದವು. ಆಮೇಲೆ ಕ್ರೇನ್ ತರಿಸಿ ಇಳಿಸಬೇಕಾಯಿತು. ಒಂದು ಹಿಂಡು 500 ಮೀಟರ್‌ಗಿಂತ ಎತ್ತರದಲ್ಲಿರುವ ಸಾಸೊಂಗಾಮ್ ಅನ್ನುವ ಗುಡಿಯವರೆಗೂ ಹತ್ತಿ ಹೋಗಿತ್ತು. ಅಲ್ಲಿ ಕೂತು ಮಾರುತ್ತಿರುವವರು ಅಷ್ಟೆಲ್ಲ ಕಂಡವರು. ಐನೂರು, ಸಾವಿರ ವೊನ್‌ಗೆ ದಯವಿಟ್ಟು ಚೌಕಾಸಿ ಮಾಡಬೇಡಿ.

ಇನ್ನೊಂದು ಜಾಗ ಬಿಡಲೇಬೇಡಿ: ತೋಜಿ-ಮ್ಯೊನ್‌ನ ಉನ್‌ಜೊರು. 1776ರಲ್ಲಿ ಕಟ್ಟಿದ ದೊಡ್ಡಮನೆ. ಅಲ್ಲಿ ಮರದ ದಿಮ್ಮಿ ಕೊರೆದು ಮಾಡಿದ ಒಂದು ಅಕ್ಕಿ ಕಣಜ ಇದೆ. ಕೆಳಗೆ ಸಣ್ಣ ಕಿಂಡಿ, ಅದಕ್ಕೊಂದು ಬಿರಡೆ. ಬಿರಡೆಯ ಮೇಲೆ ನಾಲ್ಕು ಚೀನೀ ಅಕ್ಷರ: "ಬೇರೆಯವರೂ ತೆರೆಯಬಹುದು". ಹಸಿದವರು ಬಂದು ಬೇಕಾದಷ್ಟು ಅಕ್ಕಿ ತುಂಬಿಕೊಂಡು ಹೋಗಬಹುದಿತ್ತು. ತೆಗೆದುಕೊಳ್ಳುವವರಿಗೆ ಮನೆಯವರ ಮುಖ ನೋಡುವ ಸಂಕೋಚ ಬೇಡ ಅಂತ ಅದನ್ನು ಒಳಗಿನವರ ಕಣ್ಣಿಗೆ ಬೀಳದ ಕಡೆ ಇಟ್ಟಿದ್ದರು. ಹೊಗೆಗೂಡನ್ನೂ ತಗ್ಗಿನಲ್ಲೇ ಕಟ್ಟಿದ್ದಾರೆ, ಇಲ್ಲಿ ಅಡುಗೆ ಆಗುತ್ತಿದೆ ಅಂತ ಒಲೆ ಉರಿಯದ ಮನೆಯವರಿಗೆ ದೂರದಿಂದ ಕಾಣಬಾರದು ಅಂತ. ದಾಸೋಹ ಗೊತ್ತಿರುವ ನಮ್ಮಂಥವರಿಗೂ ಆ ತಗ್ಗಿನ ಹೊಗೆಗೂಡು ನೋಡಿದರೆ ಗಂಟಲು ಕಟ್ಟುತ್ತೆ.

ಬಸ್ಸಿನ ವಿಷಯದಲ್ಲಿ ಎಚ್ಚರ. ಹ್ವಾಯೊಮ್‌ಸಾ ದೇವಸ್ಥಾನದ ಕಡೆಗೆ ಸಾಕಷ್ಟು ಬಸ್ಸಿವೆ, ಒಳ ಹಳ್ಳಿಗಳಿಗೆ ದಿನಕ್ಕೆ ಕೆಲವೇ. ಟರ್ಮಿನಲ್‌ನಲ್ಲಿ ಗೋಡೆಗೆ ಹಾಕಿರುವ ವೇಳಾಪಟ್ಟಿಯ ಫೋಟೋ ಬೆಳಗ್ಗೆಯೇ ತೆಗೆದುಕೊಳ್ಳಿ. ನಾನು ಒಮ್ಮೆ ಸಾನ್‌ದೊಂಗ್‌ನಲ್ಲಿ ಕೊನೆ ಬಸ್ಸು ತಪ್ಪಿಸಿಕೊಂಡು ಕತ್ತಲಲ್ಲಿ ಒಂದು ಗಂಟೆ ನಡೆದಿದ್ದೇನೆ. ದಾರಿಗೆ ನೇವರ್ ಮ್ಯಾಪ್ ಇಟ್ಟುಕೊಳ್ಳಿ, ನನಗೆ ಅಲ್ಲಿ ಗೂಗಲ್ ಮ್ಯಾಪ್ ಉಪಯೋಗಕ್ಕೆ ಬರಲಿಲ್ಲ.

ಎರಡನೆಯ ಉತ್ತರ:

ಊಟದ ಬಗ್ಗೆ ನಾನು ಹೇಳುತ್ತೇನೆ ಅಕ್ಕ. ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ.

"ಮಾಂಸ ಹಾಕಬೇಡಿ" ಅಂದರೆ ಸಾಲದು. ಕಿಮ್ಚಿಯಲ್ಲಿ ಮೀನಿನ ಸಾರ ಅಥವಾ ಸಿಗಡಿ ಇರುತ್ತೆ. ದ್ವೆನ್‌ಜಾಂಗ್ ಅಂದರೆ ಹುದುಗಿಸಿದ ಸೋಯಾ ಕಾಳಿನ ಮುದ್ದೆ, ಅದರ ಸಾರಿಗೆ ಒಣ ಮೀನು ಕುದಿಸಿದ ನೀರು ಹಾಕುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಕೊರಿಯನ್‌ನಲ್ಲಿ ಒಂದು ಚೀಟಿ ಬರೆಸಿಟ್ಟುಕೊಳ್ಳಿ: ಮಾಂಸ, ಮೀನು, ಮೊಟ್ಟೆ, ಮೀನಿನ ಸಾರ, ಒಣ ಮೀನಿನ ನೀರು ಯಾವುದೂ ಬೇಡ ಅಂತ. ಹೋಟೆಲಿನ ಅಮ್ಮನಿಗೆ ಎರಡೂ ಕೈಯಲ್ಲಿ ಕೊಡಿ, "ಇಮೊ" ಅಂತ ಕರೆಯಿರಿ. ಇಮೊ ಅಂದರೆ ಚಿಕ್ಕಮ್ಮ, ದೊಡ್ಡಮ್ಮ. ಅಷ್ಟಕ್ಕೇ ಮುಖ ಅರಳುತ್ತೆ.

ಹ್ವಾಯೊಮ್‌ಸಾ ಬುಡದ ಹೋಟೆಲುಗಳಲ್ಲಿ ಬೆಟ್ಟದ ಸೊಪ್ಪಿನ ಊಟ ಸಿಗುತ್ತೆ. ಹತ್ತು ಹದಿನೈದು ಬಟ್ಟಲು. ಕೊಸಾರಿ ಅನ್ನುವ ಜರಿಗಿಡದ ಎಳೆ ಕುಡಿ, ಕೊಡಗಿನವರ ತೆರ್ಮೆ ತೊಪ್ಪಿನ ನೆನಪಾಗುತ್ತೆ. ದುಲ್ಕೆ ಅಂದರೆ ಪೆರಿಲ್ಲಾ ಗಿಡದ ಬೀಜ, ಅದರ ಪುಡಿ ಹಾಕಿದ ಪಲ್ಯ ಬಾಯಿಗಿಟ್ಟರೆ ಹುಚ್ಚೆಳ್ಳು ಚಟ್ನಿಪುಡಿಯದೇ ಜಾತಿಯ ರುಚಿ. ಅತ್ತೆ ಅದನ್ನು ಎರಡು ಸಲ ಹಾಕಿಸಿಕೊಂಡರು.

ಆದರೆ ನಿಶ್ಚಿಂತೆಯಿಂದ ಉಣ್ಣಬೇಕು ಅಂದರೆ ಒಂದು ರಾತ್ರಿ ಹ್ವಾಯೊಮ್‌ಸಾದಲ್ಲಿ ಟೆಂಪಲ್‌ಸ್ಟೇ ಮಾಡಿ. ಅಲ್ಲಿನ ಅಡುಗೆಯಲ್ಲಿ ಮೀನು ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಊಟದ ಹಾಗೆ. ತಟ್ಟೆಯಲ್ಲಿ ಒಂದಗುಳೂ ಬಿಡುವ ಹಾಗಿಲ್ಲ. 544ರಲ್ಲಿ ಭಾರತದಿಂದ ಬಂದ ಯೊಂಗಿ ಅನ್ನುವ ಭಿಕ್ಷು ಈ ದೇವಸ್ಥಾನ ಸ್ಥಾಪಿಸಿದರು ಅಂತ ಅಲ್ಲಿನ ಪ್ರತೀತಿ. ಅಂಗಳದಲ್ಲಿ ಆರು ಮೀಟರ್‌ಗಿಂತ ಎತ್ತರದ ಕಲ್ಲಿನ ದೀಪಸ್ತಂಭ ಇದೆ, ಅತ್ತೆ ಅದಕ್ಕೆ ಪ್ರದಕ್ಷಿಣೆ ಹಾಕಿದರು.

ಅಮ್ಮನ ಮಂಡಿ ವಿಷಯ ಮೊದಲೇ ಹೇಳಿ, 108 ನಮಸ್ಕಾರಕ್ಕೆ ಒತ್ತಾಯ ಮಾಡುವುದಿಲ್ಲ. ಮಲಗುವುದು ಒಂದೊಲ್ ಅನ್ನುವ, ಅಡಿಯಿಂದ ಬಿಸಿ ಮಾಡಿದ ಬೆಚ್ಚನೆಯ ನೆಲದ ಮೇಲೆ, ತೆಳು ಹಾಸಿಗೆ. ನೋವಿದ್ದವರಿಗೆ ಆ ಬಿಸಿ ಹಿತ, ಕೆಳಗಿಂದ ಏಳುವುದು ಮಾತ್ರ ಕಷ್ಟ. ಉಳಿದ ರಾತ್ರಿಗೆ "ಚಿಮ್ದೆ" ಇರುವ ರೂಮು ಕೇಳಿ, ಮಂಚ ಅಂತ ಅರ್ಥ.

ಮೂರನೆಯ ಉತ್ತರ:

ಚಿಕ್ಕದೊಂದು ಮಾತು. ನಾವು ಕಾರಲ್ಲಿ ಹೋಗಿದ್ದೆವು. ಅಕ್ಟೋಬರ್‌ನಲ್ಲಿ ಹಳ್ಳಿ ರಸ್ತೆಯ ಅರ್ಧಕ್ಕೆ ಟಾರ್ಪಾಲು ಹಾಸಿ ಭತ್ತ ಒಣಹಾಕಿರುತ್ತಾರೆ, ನಮ್ಮಲ್ಲಿ ರಾಗಿ, ಹುರುಳಿ ಹರಡುವ ಹಾಗೆ. ಫೋಟೋ ತೆಗೆಯುವ ಆಸೆಗೆ ಅದರ ಮೇಲೆ ಕಾಲಿಡಬೇಡಿ. ಗದ್ದೆಗೆ ಇಳಿಯುವ ಮೊದಲು, ಅಜ್ಜಿಯರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮೊದಲು ಕೇಳಿ. ಅದು ಅವರ ಸುಗ್ಗಿ, ಅವರಿಗೆ ಪುರುಸೊತ್ತಿಲ್ಲ.

ತಿಂಗಳ ಕೊನೆಗೆ ಹೋಗುವುದಾದರೆ ಪಿಯಾಗೊಲ್ ಕಣಿವೆಯಲ್ಲಿ ಮೇಪಲ್ ಎಲೆ ಕೆಂಪಾಗುತ್ತಾ ಬಂದಿರುತ್ತೆ. 'ಪಿ' ಅಂದರೆ ಊದಲು. ಹಿಂದೆ ಅಲ್ಲಿ ಊದಲು ಬೆಳೆಯುತ್ತಿದ್ದರಂತೆ, ಅದಕ್ಕೇ ಆ ಹೆಸರು. ನಿಮ್ಮ ಅಪ್ಪನಿಗೆ ಹೇಳಿ.

ಕೇಳಿದವರು, ಹೋಗಿಬಂದ ಮೇಲೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. 17ಕ್ಕೆ ಹೋಗಿ 18ರ ಸಂತೆ ನೋಡಿ 19ಕ್ಕೆ ಬಂದೆವು. ಟೆಂಪಲ್‌ಸ್ಟೇ ಜಾಗ ತುಂಬಿಹೋಗಿತ್ತು, ಅದೊಂದು ಬೇಜಾರು. ಈ ಕಡೆ ಹೋಗುವವರು ಬೇಗ ಬುಕ್ ಮಾಡಿ. ಊಟಕ್ಕೆ ಚೀಟಿ ಕೆಲಸ ಮಾಡಿತು. ಒಂದು ಕಡೆ ಇಮೊ ಚೀಟಿ ಓದಿ, ಆಗಲೇ ಇಟ್ಟಿದ್ದ ಐದಾರು ಬಟ್ಟಲು ವಾಪಸ್ ತೆಗೆದುಕೊಂಡು ಹೋಗಿ, ಬದಲಿಗೆ ತೋಫು ಹುರಿದು ತಂದರು.

ಉನ್‌ಜೊರುವಿನಲ್ಲಿ ಅಮ್ಮ ಆ ಬಿರಡೆಯ ಹತ್ತಿರ ಬಗ್ಗಿ ನೋಡಿ, ಬೆರಳಲ್ಲಿ ಕಿಂಡಿಯ ಅಳತೆ ತೋರಿಸಿ, "ಪಾವು ಅಕ್ಕಿ ಸಲೀಸಾಗಿ ಬೀಳುತ್ತೆ" ಅಂದರು. ಅಲ್ಲಿಂದ ಹೊರಗೆ ಬಂದರೆ ಎದುರಿಗೇ ಗದ್ದೆ. ಕೊಯ್ಲಾದ ಗದ್ದೆಗಳಲ್ಲಿ ದೊಡ್ಡ ದೊಡ್ಡ ಬಿಳಿ ಉರುಳೆಗಳು. ಭತ್ತದ ಹುಲ್ಲನ್ನು ಸುತ್ತಿ ಪ್ಲಾಸ್ಟಿಕ್ ಬಿಗಿದು ದನಕ್ಕೆ ಅಂತ ಇಡುತ್ತಾರಂತೆ. ಅಪ್ಪ ಒಂದನ್ನು ತಟ್ಟಿ ನೋಡಿದರು. "ಗೊಣಬೆ ಒಟ್ಟುವ ಕೆಲಸವೇ ಇಲ್ಲ ಇವರಿಗೆ" ಅಂದರು.

ಪಕ್ಕದ ಗದ್ದೆಯಲ್ಲಿ ಒಬ್ಬರು ವಯಸ್ಸಾದವರು ಕಂಬೈನ್ ನಿಲ್ಲಿಸಿ ನೀರು ಕುಡಿಯುತ್ತಿದ್ದರು. ನಾನು ಕೇಳಿದೆ, ಬನ್ನಿ ಅಂತ ಕೈ ಮಾಡಿದರು. ಅಪ್ಪ ಒಂದು ತೆನೆ ಹಿಡಿದು ನಾಲ್ಕು ಕಾಳು ಅಂಗೈಯಲ್ಲಿ ತಿಕ್ಕಿ, ಉಫ್ ಅಂತ ಹೊಟ್ಟು ಊದಿ, ಒಂದನ್ನು ಹಲ್ಲಲ್ಲಿ ಕಚ್ಚಿದರು. ಅವರೂ ಹಾಗೇ ಕಚ್ಚಿದರು. ನಾನು ಫೋನಿನಲ್ಲಿ ಅನುವಾದ ಮಾಡಲು ಹೋದೆ, ಕುಚ್ಚಲಕ್ಕಿ ಅನ್ನುವ ಮಾತಿಗೇ ಅದು ಕೆಟ್ಟು ನಿಂತಿತು. ಅಷ್ಟರಲ್ಲಿ ಇಬ್ಬರೂ ಬದುವಿನ ಮೇಲೆ ಕೂತು, ಬೆರಳು ಮಡಚಿ ಎಷ್ಟು ತಿಂಗಳ ಬೆಳೆ, ಎಷ್ಟು ಸಲ ನೀರು ಅಂತ ಲೆಕ್ಕ ಹಾಕುತ್ತಿದ್ದರು. ಹೊರಡುವಾಗ ಅವರು ಟ್ರಕ್ಕಿನಿಂದ ಎಂಟು ಪರ್ಸಿಮನ್ ತಂದು ಅಪ್ಪನ ಟೋಪಿಗೆ ಹಾಕಿದರು. ಅಪ್ಪ ಸಂತೆಯಲ್ಲಿ ಕೊಂಡಿದ್ದ ಹೋಮಿ ತೋರಿಸಿದರು. ಅವರು ಅದರ ಅಲಗನ್ನು ಹೆಬ್ಬೆರಳಲ್ಲಿ ಸವರಿ, ಚೆನ್ನಾಗಿದೆ ಅಂತ ತಲೆ ಆಡಿಸಿ, ಮತ್ತೆ ಕಂಬೈನ್ ಹತ್ತಿದರು.